ಸಬೀನಾಳ ಅರ್ಧ ದ್ವೀಪ

ಜೊಂಡು ಹಾಸಿ ಹಾಸಿ ಸಬೀನಾಳ ಸೊಂಟ ಅರವತ್ತೊಂದಕ್ಕೇ ಬಾಗಿಹೋಗಿತ್ತು. ಬೆಟ್ಟಗಳ ಎತ್ತರದಲ್ಲಿರುವ ತಿತಿಕಾಕ ಸರೋವರದ ಮೇಲೆ ತೇಲುವ ಜೊಂಡಿನ ದ್ವೀಪದಲ್ಲಿ ಹುಟ್ಟಿದವಳಿಗೆ ಈ ಕೆಲಸಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಕೆಳಗಿನ ಹುಲ್ಲು ಕೊಳೆಯುತ್ತಲೇ ಇರುತ್ತದೆ, ಮೇಲೆ ಹೊಸದು ಬೀಳುತ್ತಲೇ ಇರಬೇಕು. ಮೂರು ತಿಂಗಳು ಸೋಮಾರಿಯಾದರೆ ತಣ್ಣನೆಯ ನೀರು ಹಾಸಿಗೆಗೇ ಬಂದು ಬೆನ್ನು ತಟ್ಟಿ ಎಬ್ಬಿಸುತ್ತದೆ.

ಆ ದ್ವೀಪದಲ್ಲಿ ಇದ್ದದ್ದು ಎರಡೇ ಗುಡಿಸಲು. ಗಂಡ ಅಂಬ್ರೋಸಿಯೊ ತೀರಿಹೋದ ಮೇಲೆ ಒಂದರಲ್ಲಿ ಸಬೀನಾ ಒಬ್ಬಳೇ. ಇನ್ನೊಂದರಲ್ಲಿ ಮೈದುನ ಎಲಿಸೇಯೊ, ಅವನ ಹೆಂಡತಿ ಬಾಸಿಲಿಯಾ. ಎರಡು ತಿಂಗಳಿಂದ ಬಾಸಿಲಿಯಾ ಒಂದು ಹಿಡಿ ಜೊಂಡೂ ಹಾಸಿರಲಿಲ್ಲ. ಸಬೀನಾ ತನ್ನ ಕಡೆಗಷ್ಟೇ ಹಾಸಿಕೊಂಡು, ಓರಗಿತ್ತಿಯ ಹೊಸ್ತಿಲಿನ ಹತ್ತಿರ ಬಂದಾಗ ಕೈ ನಿಲ್ಲಿಸುತ್ತಿದ್ದಳು. ಒಂದು ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು.

“ನನ್ನ ಬೆನ್ನಿನ ಮೇಲೆ ನಿಂತ್ಕೊಂಡು ಸಂಸಾರ ಮಾಡ್ತಿದ್ದೀಯಲ್ಲೇ!”

“ಬೆನ್ನು ನೋಯ್ತಿದ್ರೆ ಇಳಿಸ್ಬಿಡಿ ಅಕ್ಕಾ. ಗರಗಸ ಎಲ್ಲಿಗೂ ಓಡಿಹೋಗಿಲ್ಲ.”

“ಕೊಯ್ದೇ ಬಿಡೋಣ, ಬಾ!”

ಆಡಿದ ಮೇಲೆ ಆಯಿತು. ಆ ನೀರಿನ ಮೇಲೆ ಕೂಡಿ ಬಾಳಲಾಗದವರು ಪಂಚಾಯಿತಿ ಕರೆಯುವುದಿಲ್ಲ, ದ್ವೀಪವನ್ನೇ ಗರಗಸದಿಂದ ಎರಡು ಮಾಡಿಕೊಳ್ಳುತ್ತಾರೆ. ಅಂದು ಮಲಗಿದಾಗ ಸಬೀನಾ ಲೆಕ್ಕ ಹಾಕಿದಳು. ಇಷ್ಟು ದಿನ ಎಲಿಸೇಯೊ ತಂದುಕೊಡುತ್ತಿದ್ದ ಜೊಂಡನ್ನು ಇನ್ನು ಒಬ್ಬಳೇ ಕೊಯ್ದು, ದೋಣಿಗೆ ಹೇರಿ, ತಂದು ಹಾಸಬೇಕು. ಒಂದು ಚಳಿಗಾಲ ತಳ್ಳಬಹುದು. ಆಮೇಲೆ ತನ್ನ ಅರ್ಧ ಮುಳುಗುತ್ತದೆ, ಪೂನೋ ಪಟ್ಟಣದಲ್ಲಿ ಮಗಳು ಕೊಡುವ ಕೋಣೆಯೇ ಗತಿ. ಒಮ್ಮೆ ಅಲ್ಲಿ ಎಂಟು ದಿನ ಇದ್ದು ಬಂದಿದ್ದಳು. ಕಾಲ ಕೆಳಗೆ ಅಲುಗದ ಸಿಮೆಂಟು, ಸತ್ತ ಪ್ರಾಣಿಯ ಬೆನ್ನಿನ ಹಾಗೆ. ಆದರೆ “ಬೇಡ” ಎಂದು ಹೋಗಿ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ.

ಎಲಿಸೇಯೊ ಪಕ್ಕದ ದ್ವೀಪದಿಂದ ಎರಡು ಹಿಡಿಯ ದೊಡ್ಡ ಗರಗಸ ತಂದು ಹಾಕಿದ. “ನಿಮ್ಮಿಬ್ಬರ ಜಗಳಕ್ಕೆ ನನ್ನ ತೋಳು ಬರಲ್ಲ ಅತ್ತಿಗೆ,” ಎಂದು, ಯಾರದೋ ದೋಣಿ ಹತ್ತಿ ಮೀನಿಗೆ ಹೊರಟುಹೋದ.

ಹಾಗಾಗಿ ಓರಗಿತ್ತಿಯರೇ ಎದುರುಬದುರಾಗಿ ಹಿಡಿದರು. ಎರಡು ಹಿಡಿಯ ಗರಗಸಕ್ಕೆ ಜಗಳ ಗೊತ್ತಿಲ್ಲ. ಒಬ್ಬಳು ಎಳೆದಾಗ ಇನ್ನೊಬ್ಬಳು ಬಿಡಬೇಕು.

“ಎಳೀರಿ ಅಕ್ಕಾ, ತಳ್ಳಬೇಡಿ!”

“ಬದುಕಿಡೀ ಎಳೀತಾನೇ ಇದ್ದೀನಲ್ಲ, ನೀನು ಕಲಿಸ್ಬೇಕಾ?”

ಅರ್ಧ ಕೊಯ್ಯುವಷ್ಟರಲ್ಲಿ ಪೂನೋದಿಂದ ಪ್ರವಾಸಿಗರ ದೋಣಿ ಬಂತು. ಅಂದು ಅತಿಥಿಗಳನ್ನು ಇಳಿಸಿಕೊಳ್ಳುವ ಸರದಿ ಇವರ ದ್ವೀಪದ್ದೇ ಎಂಬುದು ಇಬ್ಬರಿಗೂ ಮರೆತಿತ್ತು. ಎತ್ತರದ ಗಾಳಿಗೆ ಏದುಸಿರು ಬಿಡುತ್ತಾ ಹತ್ತು ಮಂದಿ ಇಳಿದು ಸುತ್ತ ನಿಂತರು.

“ಅಮ್ಮಾ, ಚೆನ್ನಾಗಿದೆ ಈ ಪ್ರದರ್ಶನ! ಸ್ವಲ್ಪ ನಿಧಾನ, ಇವ್ರು ಫೋಟೋ ತೆಗೀತಾರೆ,” ಎಂದ ಕರೆತಂದವನು. ಒಬ್ಬ ಕೆಂಪು ಮುಖದ ಗಂಡಸು ತಾನೂ ಎಳೆಯುತ್ತೇನೆಂದು ಕೈ ಚಾಚಿದ. ಸಬೀನಾ ಹಿಡಿ ಬಿಟ್ಟುಕೊಟ್ಟಳು.

“ತಗೊಳ್ಳಪ್ಪ. ಜಗಳಾನೂ ಬೇಕಾದ್ರೆ ನೀನೇ ತಗೊಂಡ್ಹೋಗು.”

ಅವನು ಆರು ಸಲ ಎಳೆದು, ಎದೆ ಹಿಡಿದು ಕೂತ. ಜೊತೆಯವರು ಚಪ್ಪಾಳೆ ತಟ್ಟಿದರು. ಬಾಸಿಲಿಯಾಳಿಗೆ ನಗು ಬಂತು, ಸೆರಗಿಲ್ಲದ್ದಕ್ಕೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡಳು. ಸಬೀನಾಳಿಗೆ ನಗುವಷ್ಟು ಶಕ್ತಿಯೂ ಇರಲಿಲ್ಲ.

ಅವರು ಹೋದ ಮೇಲೆ ಮತ್ತೆ ಕೊಯ್ತ. ಬಾಸಿಲಿಯಾಳ ಕಡೆಯ ಹುಲ್ಲು ಕೊಳೆತು, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತಿತ್ತು, ಹಾಗಾಗಿ ಅವಳೂ ಸಬೀನಾಳ ಕಡೆಗೇ ಬಂದು ನಿಂತಿದ್ದಳು. ಹೊತ್ತು ನೆತ್ತಿ ದಾಟಿದಾಗ ಕೊನೆಯ ಬೇರು ಕಿತ್ತುಕೊಂಡಿತು. ಗಾಳಿ ಬೀಸಿತು. ಬಿರುಕು ಮೊದಲು ಗೇಣಾಯಿತು, ನೋಡುತ್ತಿದ್ದಂತೆ ಮಾರಾಯಿತು.

“ಅಕ್ಕಾ... ಗೂಟ?”

ದ್ವೀಪ ಹಿಡಿದು ನಿಲ್ಲಿಸುವ ಗೂಟ, ಹಗ್ಗ ಎಲ್ಲವೂ ಗಾಳಿ ಬರುವ ಕಡೆ, ಬಾಸಿಲಿಯಾಳ ಅರ್ಧದಲ್ಲೇ ಇದ್ದವು. ಕೊಯ್ಯುವ ಮೊದಲು ಈ ಕಡೆಗೂ ಬೇರೆ ಗೂಟ ಹೊಡೆಯಬೇಕಿತ್ತು.

“ನಿನ್ನ ಗಂಡ ಹೊಡೆದಿಲ್ವಾ?”

“ನೀವು ಹೊಡೆಸಿದ್ದೀರಿ ಅಂತಲ್ವಾ ನಾನಂದ್ಕೊಂಡಿದ್ದು!”

ದೋಣಿಯೂ ಆ ಕಡೆಯೇ ಉಳಿದಿತ್ತು. ಕೂಗಿದರು, ಗಾಳಿ ಕೂಗನ್ನು ವಾಪಸು ತಂದಿತು. ಒಂದು ಗುಡಿಸಲು, ಒಂದು ಒಲೆ, ಇಬ್ಬರು ಹೆಂಗಸರನ್ನು ಹೊತ್ತು ಅರ್ಧ ದ್ವೀಪ ತನ್ನಷ್ಟಕ್ಕೆ ಹೊರಟಿತು.

ಸಬೀನಾ ಆಲೂಗಡ್ಡೆ ಬೇಯಲಿಟ್ಟಳು. ಇನ್ನೇನು ಮಾಡುವುದು? ಇಬ್ಬರೂ ಒಂದೇ ತಟ್ಟೆಗೆ ಕೂತರು.

“ನನ್ನ ಕೈಲಿ ಆಗಲ್ಲ ಕಣೇ ಬಾಸಿಲಿಯಾ. ಬರೋ ಚಳಿಗಾಲ ಕಳೆಯೋಷ್ಟೊತ್ತಿಗೆ ಇದು ಮುಳುಗತ್ತೆ. ಗೊತ್ತಿದ್ದೂ ಕೊಯ್ದೆ.”

ಬಾಸಿಲಿಯಾ ಒಂದು ಆಲೂಗಡ್ಡೆಯ ಸಿಪ್ಪೆ ಸುಲಿದು ಅವಳ ಮುಂದಿಟ್ಟಳು.

“ನಾನು ಹಾಸೋದು ಯಾಕೆ ಬಿಟ್ಟೆ ಅಂತ ಒಂದಿನಾನಾದ್ರೂ ಕೇಳಿದ್ರಾ?”

“ಮೈಗಳ್ಳತನ. ಇನ್ನೇನು?”

“ನಾನು ಹಾಸಿ ಒಳಗೆ ಹೋಗೋದೇ ತಡ, ನೀವು ಬಂದು ಅದನ್ನೆಲ್ಲ ಎತ್ತಿ ಮತ್ತೆ ಹಾಸ್ತಿದ್ರಿ. ಹನ್ನೊಂದು ವರ್ಷ ಅಕ್ಕಾ. ಬಾಗಿಲ ಸಂದೀಲಿ ನೋಡ್ತಿದ್ದೆ. ಅದೇ ಹುಲ್ಲು, ಅದೇ ಜಾಗ.”

ಸಬೀನಾ ಕೈಯಲ್ಲಿದ್ದ ಆಲೂಗಡ್ಡೆಯನ್ನು ತಟ್ಟೆಗೆ ಇಟ್ಟಳು. ಎತ್ತಿದ್ದು ನಿಜ. ಅದನ್ನು ತಪ್ಪೆಂದು ಅವಳು ಎಣಿಸಿಯೇ ಇರಲಿಲ್ಲ. ಸೊಟ್ಟಗಿತ್ತು, ನೆಟ್ಟಗೆ ಮಾಡಿದ್ದಳು. ಸೊಂಟ ಹೋದದ್ದರಲ್ಲಿ ಅರ್ಧ ಆ ಎರಡನೆಯ ಸಲದ ಹಾಸುವಿಕೆಯಿಂದಲೇ ಇರಬೇಕು ಎನ್ನಿಸಿತು.

ಹೊತ್ತು ಇಳಿಯುವ ಮುಂಚೆ ಎಲಿಸೇಯೊ ನೆರೆಯವರ ಯಂತ್ರದ ದೋಣಿ ತಂದು ಹಗ್ಗ ಎಸೆದ.

“ಗೂಟ ಹೊಡೀದೆ ಕೊಯ್ದಿದ್ದು ನಮ್ಮ ಸರೋವರದಲ್ಲಿ ನೀವೇ ಮೊದಲು ಅತ್ತಿಗೆ! ಈಗ ಎಲ್ಲಿಗೆ ಕಟ್ಟಲಿ? ದೂರಕ್ಕಾ?”

ಸಬೀನಾ ಎದ್ದು ನಿಲ್ಲಲಿಲ್ಲ. “ಮೊದಲಿದ್ದ ಕಡೆಗೇ ಕಟ್ಟು. ಮಧ್ಯೆ ಒಂದು ಹಲಗೆ ಹಾಕೋವಷ್ಟು ಬಿಡು, ಸಾಕು.” ಆಮೇಲೆ ಓರಗಿತ್ತಿಯ ಕಡೆ ನೋಡದೆಯೇ ಹೇಳಿದಳು: “ನಾಳೆ ಈ ಕಡೆ ಹಾಸೋಕೆ ಬಾ. ನಾನು ಒಳಗೆ ಮಲಗಿರ್ತೀನಿ. ಎತ್ತಲ್ಲ.”

“ಸೊಟ್ಟಗಿದ್ರೂ?”

“ಸೊಟ್ಟಗೇ ಇರತ್ತೆ, ಗೊತ್ತು ನಂಗೆ,” ಎಂದು ಸಬೀನಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. “ಇರ್ಲಿ ಬಿಡು.”