ಕರುವಿನ ಬಾಗಿಲು

ಸುಣ್ಣದ ಕಲ್ಲಿನ ಮೇಲೆ ನೀರು ಸುರಿದಾಗ ಏಳುವ ವಾಸನೆ ನಿಮಗೂ ನೆನಪಿರಬಹುದು. ಬೆಚ್ಚಗೆ, ಮೂಗಿನ ತುದಿಯಲ್ಲಿ ಚುರುಗುಟ್ಟುತ್ತ, ಇನ್ನೇನು ಹಬ್ಬ ಬಂತು ಎನ್ನಿಸುವ ವಾಸನೆ ಅದು. ಹೋದ ವರ್ಷ ಜೆ.ಪಿ. ನಗರದಲ್ಲಿ ಬಸ್ಸಿಳಿದು ನಮ್ಮ ಹಳೆಯ ಮನೆಯ ಬೀದಿಗೆ ತಿರುಗಿದಾಗ ಅದು ಮುಖಕ್ಕೆ ಬಂದು ತಾಗಿತು. ಬಡಾವಣೆಯೊಳಗೆ ಮುಳುಗಿಹೋದ ಹಳ್ಳಿ ನಮ್ಮದು. ತಾತನ ಕಾಲದ ಮನೆಯೊಂದೇ ಉಳಿದಿತ್ತು. ದೊಡ್ಡಪ್ಪನ ಮಗ ನಾಗರಾಜಣ್ಣ ಅದನ್ನು ಹೋಟೆಲಿನವರಿಗೆ ಬಾಡಿಗೆಗೆ ಕೊಡುವವನಿದ್ದ. ಹೋಟೆಲಿನವರು ಕಳಿಸಿದ್ದ ನಂದಿತಾ ಎಂಬ ಆರ್ಕಿಟೆಕ್ಟ್ ಹುಡುಗಿ, ಎಂದೋ ಮೆತ್ತಿದ್ದ ಸಿಮೆಂಟು, ಆಯಿಲ್ ಪೇಂಟುಗಳನ್ನೆಲ್ಲ ಕೆರೆಸಿ, ಮನೆಯ ಮುಖಕ್ಕೆ ಮತ್ತೆ ಸುಣ್ಣದ ಗಾರೆ ಹಾಕಿಸುತ್ತಿದ್ದಳು. "ಒಳಗಡೆ ಏನಾದ್ರೂ ಮಾಡ್ಕೊಳ್ಳಿ ಸಾರ್, ಹೊರಗಡೆ ಮಾತ್ರ ಮನೆಯ ಲಕ್ಷಣ ಒಂಚೂರೂ ಕೆಡಬಾರದು" ಎನ್ನುತ್ತಿದ್ದಳು. ಆದರೆ ಕೆಲಸದವರು ಹಾಕಿದ ಗಾರೆ ಎರಡು ಸಲವೂ ಒಣಗುವಷ್ಟರಲ್ಲಿ ಬಿರುಕುಬಿಟ್ಟಿತ್ತು. ಹದ ಬಲ್ಲವರು ಯಾರಾದರೂ ಇದ್ದಾರಾ ಎಂದು ಅವಳು ಕೇಳಿದಾಗ ನಾನು ಪುಟ್ಟತ್ತೆಯ ಹೆಸರು ಹೇಳಿದೆ.

ಪುಟ್ಟತ್ತೆ ನಮ್ಮಪ್ಪನ ಅಕ್ಕ. ಹೆಸರು ಪುಟ್ಟಮ್ಮನಾದರೂ ನಮ್ಮ ಮನೆಯ ಗಂಡಸರಿಗಿಂತ ಎತ್ತರವಿದ್ದಳು. ಹತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮನೆಯ ಸುಣ್ಣದ ಕೆಲಸವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಳು. ಹಾಕಿಕೊಂಡಳು ಎನ್ನುವುದು ಮನೆಯವರ ಮಾತು. ಹಾಕಿದರು ಎಂದರೆ ಸರಿ. ಯುಗಾದಿಗೆ ತಿಂಗಳಿದೆ ಎನ್ನುವಾಗ ಹಿತ್ತಿಲ ಗುಂಡಿಯಲ್ಲಿ ಸುಣ್ಣದ ಕಲ್ಲು ತುಂಬಿ ನೀರು ಬಿಡುತ್ತಿದ್ದಳು. ಅದು ಕೊತಕೊತ ಕುದಿದು ಹೊಗೆಯಾಡುವುದನ್ನು ನಾವು ಮಕ್ಕಳು ದೂರದಿಂದ ನೋಡುತ್ತಿದ್ದೆವು. ಅಳಲೆಕಾಯಿ ಜಜ್ಜಿ ನೆನೆಸಿದ ನೀರು, ಕಪ್ಪು ಬೆಲ್ಲದ ನೀರು ಬೆರೆಸಿ ದಿನಗಟ್ಟಲೆ ಕಲಸುತ್ತಿದ್ದಳು. ಅವಳ ಅಂಗೈಯ ಗೆರೆಗಳು ಸುಣ್ಣಕ್ಕೆ ಸುಟ್ಟು ನುಣ್ಣಗಾಗಿಹೋಗಿದ್ದವು. ರಾತ್ರಿ ಊಟಕ್ಕೆ ಕೂತರೆ ಸಾರಿನ ಖಾರ ತಾಗದಂತೆ ಮುದ್ದೆಯನ್ನು ಬೆರಳ ತುದಿಯಲ್ಲಷ್ಟೇ ಮುರಿಯುತ್ತಿದ್ದಳು. ಹಬ್ಬದ ದಿನ ಬೆಳ್ಳಗೆ ಹೊಳೆಯುವ ಗೋಡೆಯನ್ನು ಬಂದವರೆಲ್ಲ ಹೊಗಳಿ, ತಾತನ ಕೈಗುಣ ಎನ್ನುತ್ತಿದ್ದರು. ಅವಳು ಆ ಹೊತ್ತಿನಲ್ಲಿ ಹಿತ್ತಿಲಿನಲ್ಲಿರುತ್ತಿದ್ದಳು.

ಮನೆಯ ಮುಂದಿನ ಗೋಡೆಯಲ್ಲಿ ಎರಡು ಬಾಗಿಲುಗಳಿದ್ದವು. ನಡುವೆ ಕೆತ್ತನೆಯ ಹೆಬ್ಬಾಗಿಲು, ಎಡಗಡೆ ಸೊಂಟದೆತ್ತರಕ್ಕಿಂತ ಸ್ವಲ್ಪ ಮೇಲೆ ಬರುವ ಇನ್ನೊಂದು. ಒಳಗೆ ಕಟ್ಟುತ್ತಿದ್ದ ಕರುಗಳನ್ನು ಹೊರಗೆ ಬಿಡಲು ಮಾಡಿಸಿದ್ದ ಬಾಗಿಲು ಅದು. ಅತ್ತೆ ತವರಿಗೆ ಬಂದ ವರ್ಷ, ಒಂದು ಬೆಳಗಿನ ಜಾವ ತಾತ ಹೂಕೋಸಿನ ಗಾಡಿ ಹೂಡಿ ಮಾರ್ಕೆಟ್ಟಿಗೆ ಹೊರಟಾಗ ಅವಳು ಹೆಬ್ಬಾಗಿಲಲ್ಲಿ ಎದುರಾದಳಂತೆ. ಕೆರೆಯ ಏರಿಯ ಮೇಲೆ ಎತ್ತು ಮುಗ್ಗರಿಸಿ ಕಾಲು ಮುರಿದುಕೊಂಡಿತು. ಅವತ್ತು ಸಂಜೆ ಅವಳ ಹೆತ್ತ ತಾಯಿಯೇ, ನಮ್ಮಜ್ಜಿಯೇ, ಹೇಳಿದ್ದು: "ಅವಲಕ್ಷಣದೋಳೇ, ಇನ್ಮೇಲೆ ಆ ಕರುವಿನ ಬಾಗ್ಲಲ್ಲಿ ಓಡಾಡು. ಹೆಬ್ಬಾಗ್ಲ ಹತ್ರ ನಿನ್ನ ನೆರಳೂ ಕಾಣಬಾರ್ದು." ಅಜ್ಜಿ ಸಾಯುವವರೆಗೂ ಅತ್ತೆ ಹಾಗೆಯೇ ಬಗ್ಗಿ ಓಡಾಡಿದಳು. ತಲೆಯ ಮೇಲೆ ಸಗಣಿ ಬುಟ್ಟಿ ಇದ್ದರೆ ಮೊದಲು ಬುಟ್ಟಿಯನ್ನು ಒಳಗೆ ತಳ್ಳಿ, ಆಮೇಲೆ ತಾನು ನುಸುಳುತ್ತಿದ್ದಳು. ಎತ್ತರದ ಹೆಂಗಸು, ಅವಸರದಲ್ಲಿ ಆಗಾಗ ಹಣೆ ಬಡಿಯುತ್ತಿತ್ತು. ನಮಗೆ ಅದೇ ಆಟ. ಇವತ್ತು ಹಣೆ ಬಡಿದುಕೊಳ್ಳುತ್ತಾಳೋ ಇಲ್ಲವೋ ಎಂದು ಜಗಲಿಯ ಮೇಲೆ ಕೂತು ಪಂದ್ಯ ಕಟ್ಟುತ್ತಿದ್ದೆವು. ನನಗೆ ಆಗ ಎಂಟು ವರ್ಷ. ಒಂದು ದಿನ ಪಂದ್ಯ ಸೋಲುವ ಹಾಗಿದ್ದಾಗ, ಅವಳು ನುಸುಳಲು ಬಗ್ಗಿದ ಹೊತ್ತಿಗೆ, "ಅತ್ತೇ, ಹಾವು!" ಎಂದು ಕಿರುಚಿದೆ. ಅವಳು ಗಕ್ಕನೆ ತಲೆಯೆತ್ತಿದಳು. ಹುಬ್ಬುಗಳ ನಡುವೆ ಚರ್ಮ ಹರಿದು ರಕ್ತ ಮೂಗಿನ ಮೇಲೆ ಇಳಿಯಿತು. ಎಲ್ಲರೂ ನಕ್ಕೆವು. ಅವಳು ಸೆರಗಿನಿಂದ ಹಣೆ ಒತ್ತಿಕೊಂಡು, "ಎಲ್ಲೋಯ್ತು ಮಗಾ ಹಾವು? ನೀನು ಮೇಲೇ ಕೂತ್ಕೋ, ಕಾಲು ಇಳಿಬಿಡಬೇಡ" ಎಂದಳು.

ನಂದಿತಾ ಕೇಳಿದ್ದಕ್ಕೆ, ಈಗ ಎಪ್ಪತ್ತೆಂಟರ ಪುಟ್ಟತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಕೆಲವು ವರ್ಷಗಳಿಂದ ಅವಳು ಸುಬ್ರಹ್ಮಣ್ಯಪುರದಲ್ಲಿ ನನ್ನ ಮನೆಯಲ್ಲೇ ಇದ್ದಳು. ನಾಲ್ಕು ದಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕೆಲಸದವರಿಗೆ ಹದ ಹೇಳಿಕೊಟ್ಟಳು. "ಕರಣೆಯಿಂದ ಬೆಣ್ಣೆ ತರ ಜಾರ್ಬೇಕಪ್ಪ. ಅಂಟ್ಕೊಂಡ್ರೆ ಇನ್ನೂ ಹಸೀದು ಅಂತ." ಈ ಸಲ ಗಾರೆ ಬಿರುಕುಬಿಡಲಿಲ್ಲ. ನಂದಿತಾ ಖುಷಿಯಿಂದ ಅವಳ ಕೈ ಹಿಡಿದುಕೊಂಡು, "ಅಜ್ಜಿ, ನೀವಿಲ್ದಿದ್ರೆ ಈ ಮನೆ ಹಾಳಾಗೋಗ್ತಿತ್ತು. ನಿಮಗೆ ಏನು ಬೇಕು, ಕೇಳಿ" ಎಂದಳು.

"ಏನೂ ಬೇಡ ಕಣವ್ವ. ಆ ಕರುವಿನ ಬಾಗ್ಲು ಮುಚ್ಚಿಬಿಡಿ."

ನಂದಿತಾ ಗಾಬರಿಯಾದಳು. "ಅಯ್ಯೋ ಅಜ್ಜಿ, ಅದೇ ಅಲ್ವಾ ಚೆಂದ! ಅಂಥದ್ದು ಈಗ ಎಲ್ಲೂ ಸಿಗಲ್ಲ."

"ನೋಡೋರಿಗೆ ಚೆಂದ" ಎಂದಳು ಅತ್ತೆ. "ನಾನು ಅದ್ರಲ್ಲಿ ಓಡಾಡಿದೋಳು."

ಅವಳ ಬಾಯಲ್ಲಿ ಅಂಥ ಮಾತನ್ನು ನಾನು ಮೊದಲ ಸಲ ಕೇಳಿದ್ದು. ನಾಗರಾಜಣ್ಣ ನಡುವೆ ಬಾಯಿ ಹಾಕಿ, "ಆಯ್ತು ಬಿಡತ್ತೆ, ಮುಚ್ಚಿಸ್ತೀನಿ. ನಿನಗಿಂತ ಹೆಚ್ಚಾ?" ಎಂದ. ಅತ್ತೆ ನನ್ನ ಮುಖ ನೋಡಿದಳು. ನಾನೂ ತಲೆಯಾಡಿಸಿದೆ.

ಹೋಟೆಲು ಶುರುವಾದ ಮೇಲೆ ಒಂದು ಭಾನುವಾರ ಒಬ್ಬಳೇ ಹೋದೆ. ಗೋಡೆ ಅತ್ತೆಯ ಕಾಲದ ಬಿಳುಪಿಗೆ ತಿರುಗಿತ್ತು. ಕರುವಿನ ಬಾಗಿಲು ಅಲ್ಲೇ ಇತ್ತು. ಮರಕ್ಕೆ ಎಣ್ಣೆ ಹಚ್ಚಿ, ಮೇಲೊಂದು ದೀಪ ಹಾಕಿ, ಪಕ್ಕದಲ್ಲಿ ಹಿತ್ತಾಳೆ ಗಂಟೆ ಕಟ್ಟಿದ್ದರು. ಊಟಕ್ಕೆ ಬಂದವರು ಸಾಲಾಗಿ ನಿಂತು, ಬಗ್ಗಿ ನುಸುಳಿ, ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. "ಹೋಟ್ಲೋರು ಒಪ್ಪಲಿಲ್ಲ ಕಣೆ" ಎಂದ ನಾಗರಾಜಣ್ಣ. "ಎಲ್ಲರೂ ಅದನ್ನೇ ನೋಡೋಕೆ ಬರ್ತಾರೆ. ಅತ್ತೆ ಇನ್ನು ಇಲ್ಲೀತನಕ ಬರ್ತಾಳಾ? ಮುಚ್ಚಿದ್ದಾರೆ ಅಂತ ಹೇಳ್ಬಿಡು." ನಾನು ಜಗಳವಾಡಲಿಲ್ಲ. ಅವನು ಕೂರಿಸಿದ ಕಡೆ ಕೂತೆ, ಬಡಿಸಿದ ಮುದ್ದೆ, ಬಸ್ಸಾರು ಉಂಡು ಬಂದೆ. ರುಚಿಯಾಗಿತ್ತು.

ಮನೆಗೆ ಬಂದು, "ಮುಚ್ಚಿದ್ದಾರೆ ಅತ್ತೆ" ಎಂದೆ.

"ಇಟ್ಟಿಗೇನಾ, ಕಲ್ಲಾ?"

"ಇಟ್ಟಿಗೆ."

"ಗುರುತು ಕಾಣತ್ತಾ?"

"ಇಲ್ಲ. ನೀನು ಹೇಳಿಕೊಟ್ಟ ಗಾರೇನೇ ಮೇಲೆ ಹಾಕಿದ್ದಾರೆ. ಒಂದೇ ಗೋಡೆ ಥರ ಕಾಣತ್ತೆ."

ಅವಳು, "ಒಳ್ಳೇದಾಯ್ತು" ಎಂದಳು. ಆ ವಾರವೆಲ್ಲ ಅವಳು ಹೆಚ್ಚು ಮಾತಾಡಿದಳು. ಬಾಲ್ಕನಿಯಲ್ಲಿ ನಿಂತು ಪಕ್ಕದ ಫ್ಲ್ಯಾಟಿನ ಹೆಂಗಸರನ್ನು ತಾನಾಗಿಯೇ ಮಾತಾಡಿಸಿದಳು.

ನಮ್ಮ ಮನೆಯಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಪುಟ್ಟತ್ತೆ ಅಡುಗೆಮನೆಯ ಮೂಲೆ ಸೇರುತ್ತಿದ್ದಳು. ಯಾರೂ ಹೇಳಿರಲಿಲ್ಲ. ಬೇಡ ಎಂದೂ ನಾನು ಒಮ್ಮೆಯೂ ಹೇಳಿರಲಿಲ್ಲ. ಮುಂದಿನ ಸೋಮವಾರ ನನ್ನ ಮಗಳು ಸಿಂಚನಾ ಬ್ಯಾಂಕಿನ ಪರೀಕ್ಷೆಗೆ ಹೊರಟಿದ್ದಳು. ಎರಡು ಸಲ ಫೇಲಾಗಿ ಮೂರನೇ ಸಲ ಬರೆಯುತ್ತಿದ್ದ ಪರೀಕ್ಷೆ. ಅವಳು ಚಪ್ಪಲಿ ಮೆಟ್ಟುವಾಗ ಅತ್ತೆ ತಲೆ ಬಾಚಿ, ಒಗೆದ ಸೀರೆಯುಟ್ಟು ಮುಂಬಾಗಿಲಿಗೆ ಬಂದು ಎದುರಿಗೇ ನಿಂತಳು. ಮಗಳ ಗಲ್ಲ ಮುಟ್ಟಿ, "ಹೋಗ್ಬಾ ಕೂಸೇ, ಚೆನ್ನಾಗಿ ಬರಿ" ಎಂದಳು.

"ಸಿಂಚು, ಒಳಗೆ ಬಾ. ಒಂದ್ನಿಮಿಷ ಕೂತು ನೀರು ಕುಡಿದು ಹೋಗು." ಆ ಮಾತು ನನ್ನ ಬಾಯಿಂದ ಬಂತು.

"ಬಾಟ್ಲು ಇದೆಯಲ್ಲಮ್ಮ, ಲೇಟಾಗ್ತಿದೆ."

"ಬಾ ಅಂದ್ನಲ್ಲ!"

ಮಗಳಿಗೆ ಅರ್ಥವಾಗಲಿಲ್ಲ, ಮುಖ ಗಂಟಿಕ್ಕಿಕೊಂಡು ಬಂದು ಕೂತಳು. ಅತ್ತೆಗೆ ಅರ್ಥವಾಯಿತು. ಅವಳೇ ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತಂದಳು. ಮಗಳ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಮತ್ತೆ ಒಳಗೆ ಹೋದಳು. ಸಿಂಚನಾ ಕುಡಿದು ಹೊರಟಳು. ಒಳಗೆ ಅತ್ತೆ ಒಬ್ಬಳೇ ಸೊಪ್ಪು ಬಿಡಿಸುತ್ತಿದ್ದಳು.

ಮಗಳು ಆ ಪರೀಕ್ಷೆಯಲ್ಲಿ ಪಾಸಾದಳು. ಸುದ್ದಿ ಬರುವ ಹೊತ್ತಿಗೆ ಪುಟ್ಟತ್ತೆ ಇರಲಿಲ್ಲ. ಇದ್ದಷ್ಟು ದಿನ ಅವಳು ಆ ಬೆಳಗಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ನಾವು ಮೆಟ್ಟಿಲಿಳಿದು ಮರೆಯಾದ ಮೇಲಷ್ಟೇ ಅವಳು ಬಂದು ಬಾಗಿಲ ಚಿಲಕ ಹಾಕಿಕೊಳ್ಳುತ್ತಿದ್ದಳು. ನಮಗೆ ಕೇಳಿಸದಿರಲಿ ಎಂದು, ತುಂಬ ನಿಧಾನವಾಗಿ.