ತೊಲೆ ಏರಿದ ಮದುಮಗ

ಅದನ್ನೇ ಹೇಳುತ್ತಿದ್ದೆ ಗೆಳೆಯರೇ, ಎಲ್ಲ ಕಪ್ಪೆಗಳೂ ಒಂದೇ ಅಲ್ಲ. ಇಂದು ನಮ್ಮ ಓಣಿಯವರು ಗುಡಿಯಲ್ಲಿ ಮಳೆಗಾಗಿ ಕಪ್ಪೆಗಳ ಮದುವೆ ಇಟ್ಟುಕೊಂಡಿದ್ದರು. ಹೆಣ್ಣು ಲಕ್ಕುಂಡಿಯ ಬಾವಿಯದು, ಗಂಡು ಓಣಿಯ ಹಿರಿಯ ಬಸಪ್ಪನ ಬಚ್ಚಲಗೋಡೆಯದು.

"ಬಸಪ್ಪಾ, ಈ ಗಂಡು ಟ್ರೀ ಫ್ರಾಗ್, ಮರಗಪ್ಪಿ. ಬೆರಳ ತುದಿಗೆ ಗಮ್ ಪ್ಯಾಡ್ ಇರ್ತಾವು, ಗ್ವಾಡಿ ಏರತೈತಿ. ಜಾತಿನ ಬ್ಯಾರೆ," ಎಂದೆ.

"ಸುಮ್ನ ಕುಂಡ್ರಿ ಸರ್. ಕಪ್ಪಿ ಅಂದ್ರ ಕಪ್ಪಿ!"

ಮನುಷ್ಯರ ಮದುವೆಯಲ್ಲಿ ಏಳು ತಲೆಮಾರು ಕೆದಕುವ ಮಹಾಶಯ ಈತ. ಅರಿಶಿನ ಹಚ್ಚುವಷ್ಟರಲ್ಲಿ ವರ ಅವನ ಕೈಯಿಂದ ಜಿಗಿದು, ಕಂಬ ಏರಿ, ಗುಡಿಯ ತೊಲೆ ಸೇರಿದ. ಮದುವೆ ನಿಂತಿತು.

"ನಿಮ್ಮ ಇಂಗ್ಲೀಷ್ ಕೇಳೇ ಏರೇತಿ. ಈಗ ಇಂಗ್ಲೀಷಿನ್ಯಾಗ ಕರದು ಇಳಸ್ರಿ," ಎಂದ ಬಸಪ್ಪ.

ಮಳೆ ಬಂದರೆ ಅವನ ಪುಣ್ಯ, ಬಾರದಿದ್ದರೆ ನನ್ನ ಇಂಗ್ಲಿಷಿನ ಪಾಪ. ಬೆಳಕು ಹೋಗುತ್ತಿದೆ, ವರನಿರಲಿ, ತೊಲೆಯೂ ಕಾಣಿಸುತ್ತಿಲ್ಲ. ಇಂದಿಗೆ ಇಷ್ಟು ಸಾಕು.