ಹೆಟ್ಟಿಯ ಅಜ್ಜನ ಮುಖ ತೊಳೆದವರು

ನಮ್ಮೂರು ಥಾರ್ನ್‌ಬೆಕ್‌ನ ಟೌನ್‌ಹಾಲ್ ಈಗ ಬೆಣ್ಣೆ ಬಣ್ಣಕ್ಕಿದೆ. ನೋಡಿದವರೆಲ್ಲ ಹೊಗಳುತ್ತಾರೆ. ನನಗೆ ಮಾತ್ರ ಅದನ್ನು ಕಂಡರೆ ಮೈ ಉರಿಯುತ್ತದೆ.

ಅಲ್ಲಿನ ಕ್ಯಾಂಟೀನಿನಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ, ಹೆಟ್ಟಿ ಸಗ್ಡನ್ ಚಹಾ ಮಾಡುತ್ತಿದ್ದಳು. ಅವಳ ಅಜ್ಜ ಎನಾಕ್ ಆ ಕಟ್ಟಡಕ್ಕೆ ಕಲ್ಲು ಕೆತ್ತಿದವನು. ಗಡಿಯಾರದ ಗೋಪುರ ಏಳುವಾಗ ಅಟ್ಟಣಿಗೆಯಿಂದ ಬಿದ್ದು ಸತ್ತ. ದುಡ್ಡು ಕೊಟ್ಟ ಗಿರಣಿ ಧಣಿಗಳ ಹೆಸರು ಬಾಗಿಲ ಮೇಲೆ ಸಾಲಾಗಿ ಬಂತು. ಅವನ ಹೆಸರು ಎಲ್ಲೂ ಇಲ್ಲ. ಜೊತೆಗಾರ ಕಲ್ಲುಕುಟಿಗರೇ ತಮ್ಮ ಪದ್ಧತಿಯಂತೆ ಮುಂಬಾಗಿಲ ಚೂಪು ಕಮಾನಿನ ಬುಡದಲ್ಲಿ, ಆಳೆತ್ತರಕ್ಕೂ ಮೇಲೆ, ಅವನ ಮುಖ ಕೆತ್ತಿದರು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಹೆಟ್ಟಿ ಹುಟ್ಟುವ ಹೊತ್ತಿಗೆ ಗಿರಣಿಗಳ ಹೊಗೆ ಆ ಮುಖದ ಮೇಲೆ ದಪ್ಪಗೆ ಕೂತಿತ್ತು. ಅವಳು ಕಂಡದ್ದು ಬರೀ ಮಸಿಯ ಮುದ್ದೆ. ಆದರೂ ದಿನಾ ಬೆಳಗ್ಗೆ, "ಬಂದೆ ಅಜ್ಜಾ" ಎಂದು ಅದಕ್ಕೆ ಹೇಳಿಯೇ ಒಳಗೆ ಬರುತ್ತಿದ್ದಳು.

ಗಿರಣಿಗಳು ಮುಚ್ಚಿದ ಮೇಲೆ ಕೌನ್ಸಿಲಿನವರಿಗೆ ಕಟ್ಟಡ ತೊಳೆಸುವ ಹುಚ್ಚು ಹತ್ತಿತು. ಹೆಟ್ಟಿ ಕುಣಿದಾಡಿದಳು.

"ಅಜ್ಜನ ಮೂಗು ನಂದೇ ಥರ ಇದ್ಯಾ ನೋಡ್ಬೇಕು ಕಣೇ!"

"ನಿನ್ನಂಥ ಮೂಗಾದ್ರೆ ಭಾರಕ್ಕೆ ಕಮಾನೇ ಬಿದ್ದೋಗಿರ್ತಿತ್ತು, ಬಿಡು," ಎಂದೆ.

ತೊಳೆಯುವುದೆಂದರೆ ನೀರು, ಬ್ರಷ್ಷು ಎಂದುಕೊಂಡಿದ್ದೆವು. ಬಂದದ್ದು ಮರಳು ಉಗುಳುವ ಯಂತ್ರ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಇನ್ನೇನಾದೀತು? ನಮ್ಮದು ಮೆತ್ತನೆಯ ಮರಳುಗಲ್ಲು. ಮಸಿಯ ಜೊತೆ ಕೆತ್ತನೆಯೂ ಕಿತ್ತು ಬಂತು. ಧಣಿಗಳ ಹೆಸರಿಗೆ ಮಾತ್ರ ಹಲಗೆ ಹೊಡೆದು ಕಾಪಾಡಿದ್ದರು, ಹಾಳಾದವರು. ಕೆಲಸ ಮುಗಿದು, ಕಟ್ಟಡಕ್ಕೆ ಹೊದಿಸಿದ್ದ ಪರದೆ ಇಳಿಸಿದಾಗ ಕಮಾನಿನ ಬುಡದಲ್ಲಿ ಸಿಪ್ಪೆ ಸುಲಿದ ಆಲೂಗಡ್ಡೆಯಂಥದ್ದೊಂದಿತ್ತು. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಹೆಟ್ಟಿ ಮೆಟ್ಟಿಲ ಮೇಲೆ ನಿಂತು ಕತ್ತೆತ್ತಿ ನೋಡುತ್ತಲೇ ಇದ್ದಳು.

ಕೌನ್ಸಿಲರ್ ಹಾರ್ಗ್ರೀವ್ಸ್ ಹಲ್ಲುಕಿರಿಯುತ್ತಾ ಬಂದ. "ಹೇಗಿದೆ ಹೆಟ್ಟಿ? ನಿನ್ನೆ ಕಟ್ಟಿದ ಹಾಗಿಲ್ವೇನಮ್ಮಾ?"

"ಅಜ್ಜನ ಮುಖ ಎಲ್ರೀ?"

ಅವನು ಮೇಲೆ ನೋಡಿದ. "ಅಯ್ಯೋ, ಅದಾ? ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊತೀಯ? ಹೊಸದು ಕೆತ್ತಿಸಿದ್ರಾಯ್ತು. ಹೇಗಿದ್ರು ಅಂತ ನೀನೇ ಹೇಳು, ಹಾಗೇ ಮಾಡಿಸ್ತೀವಿ."

ಹೆಟ್ಟಿ ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವಳಲ್ಲ. ಅವತ್ತು ಅವಳ ಕೂಗಿಗೆ ಚೌಕದಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನಾನ್ ಯಾವತ್ರೀ ನೋಡಿದ್ದೆ? ಇವತ್ತು ನೋಡೋಣಾಂತ ತಾನೇ ಬಂದಿದ್ದು!"